ಬಂಡೆಗೊಂದು ಗೇಟು

ಹುರುಳಿ ಒಣಗಿಸಲು ಬಿಸಿಲಿಗೆ ಕಾದ ಬಂಡೆಯಷ್ಟು ಪ್ರಶಸ್ತವಾದ ಸ್ಥಳ ಭೂಮಂಡಲದಲ್ಲೇ ಇನ್ನೊಂದಿಲ್ಲವೆಂದರೆ ನೀವು ನಗಬಹುದು. ನಗಿ, ರಾಮನಗರದ ಸುತ್ತಮುತ್ತ ಹುಟ್ಟಿದವರ ಮುಂದೆ ಮಾತ್ರ ಬೇಡ. ಕೈಲಾಂಚದ ಕಡೆಯ ನಮ್ಮೂರು ಬಂಡೆಗೆ ಒರಗಿಕೊಂಡೇ ಬೆಳೆದ ಊರು. ಅದರ ಮೇಲೆ ಸುರಿದ ಮಳೆ ಜಾರಿಬಂದು ಕಟ್ಟೆ ತುಂಬುತ್ತದೆ; ಆ ನೀರನ್ನು ನಂಬಿ ಹಿರಿಯರು ಇಲ್ಲಿ ಮನೆ ಕಟ್ಟಿದರು. ನಮ್ಮ ಮನೆಗಂತೂ ಹಿತ್ತಿಲ ಗೋಡೆಯೇ ಬಂಡೆ. ಹೀಗೆ ಶಿಲಾಶ್ರಯದಲ್ಲಿ ಬೆಳೆದು, ಈಗ ಪಟ್ಟಣದ ಕಾಲೇಜಿನಲ್ಲಿ ಭೂಗೋಳ ಪಾಠ ಹೇಳುವ ನಾನು ಎತ್ತರವೆಂದರೆ ತಲೆ ತಿರುಗುವ ಪ್ರಾಣಿ. ನಿರಪಾಯದ ಕಾಲುದಾರಿಯೊಂದನ್ನು ಬಿಟ್ಟು ಬೇರೆ ಕಡೆಯಿಂದ ಬಂಡೆ ಹತ್ತಿದವನಲ್ಲ.

ಕಳೆದ ಚಳಿಗಾಲದಲ್ಲಿ ಆ ಕಾಲುದಾರಿಗೇ ಗೇಟು ಬಿತ್ತು. ಬಂಡೆ ಸರ್ಕಾರದ್ದು, ಆದರೆ ಪಕ್ಕದ ಜಮೀನು ಕೊಂಡು ರೆಸಾರ್ಟ್ ಕಟ್ಟಿದವರು, ತಮ್ಮ ಅತಿಥಿಗಳ ಸೂರ್ಯಾಸ್ತಕ್ಕೆ ಊರಿನವರು ಅಡ್ಡ ಬರಬಾರದೆಂದು ದಾರಿಗೆ ಬೀಗ ಜಡಿದರು. ಆಗಷ್ಟೇ ಹುರುಳಿ ಕಿತ್ತಿದ್ದೆವು. ಕೂತು ಮಾತಾಡೋಣ ಎಂದೆ ನಾನು. ಹಿಂದೊಮ್ಮೆ ಪಂಚಾಯ್ತಿ ಸದಸ್ಯೆಯಾಗಿದ್ದ ನನ್ನ ಅತ್ತಿಗೆ ಸಾವಿತ್ರಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರು.

"ಆಮೇಲೆ ಮಾತಾಡುವಂತೆ, ಮೊದ್ಲು ಹತ್ತಪ್ಪ. ಗೇಟು ಅವರ್ದು ಸರಿ, ಬಂಡೆ ಅವರಪ್ಪಂದಾ?"

ಗೇಟಿಲ್ಲದ ಕಡಿದಾದ ಮಗ್ಗುಲಿನಿಂದ ಊರ ಹೆಂಗಸರು ಹುರುಳಿಗಿಡದ ಹೊರೆ ಹೊತ್ತು ಹತ್ತಿದರು. ಹಿಂದೆಯೇ ನಾನು, ಪ್ರಾಧ್ಯಾಪಕತ್ವವನ್ನೆಲ್ಲ ಕೆಳಗೆ ಬಿಟ್ಟು, ಚತುಷ್ಪಾದಿಯಾಗಿ ಉಡದಂತೆ ಕಲ್ಲಿಗೆ ಅಂಟಿಕೊಂಡು ತೆವಳಿದೆ. ನೆತ್ತಿ ತಲುಪಿದಾಗ ಹುರುಳಿ ಆಗಲೇ ಹಾಸಾಗಿತ್ತು.

ಮಧ್ಯಾಹ್ನ ರೆಸಾರ್ಟಿನ ಮ್ಯಾನೇಜರ್ ಏದುಸಿರು ಬಿಡುತ್ತ ಅತ್ತಿಗೆಯ ಬಳಿ ಬಂದ. "ಅಮ್ಮಾ, ಗೆಸ್ಟ್‌ಗಳು ಬರೋ ಟೈಮು. ದಯವಿಟ್ಟು ಇದನ್ನೆಲ್ಲ ತೆಗೀರಿ."

"ಬರ್ಲಿ ಬುಡಪ್ಪ, ಒಸಿ ಪಕ್ದಾಗೆ ನಡೀಲಿ. ನಾವೇನು ಅವರ ಸೂರ್ಯನ್ನ ಹಿಡ್ಕಂಡಿದ್ದೀವಾ?"

ಅತಿಥಿಗಳು ಬಂದರು. ಬಿಸಿಲಿಗೆ ಕಾಯಿ ಚಟಚಟ ಸಿಡಿಯುವುದನ್ನು ಕಂಡು ಫೋಟೊ ತೆಗೆಯಲು ಮುಗಿಬಿದ್ದರು. ಮ್ಯಾನೇಜರನ ಮುಖ ಕ್ಷಣಾರ್ಧದಲ್ಲಿ ಅರಳಿತು. "ಅಮ್ಮಾ, ಪ್ರತಿ ಭಾನುವಾರ ಹೀಗೇ ಬಂದು ಮಾಡ್ತೀರಾ? ದುಡ್ಡು ಕೊಡ್ತೀವಿ."

ಅತ್ತಿಗೆ ಅವನನ್ನು ದಿಟ್ಟಿಸಿದರು. "ನಾವು ನಿಮ್ಮ ಜನಕ್ಕೆ ಆಟ ತೋರ್ಸಾಕೆ ಬಂದಿಲ್ಲ. ನಮ್ಗೆ ಬೇಕಾದಾಗ ಬತ್ತೀವಿ. ಗೇಟು ತೆಗಿ."

ಅವನು ನನ್ನತ್ತ ತಿರುಗಿ ದನಿ ತಗ್ಗಿಸಿದ. "ಸಾರ್, ನೀವು ಓದಿದವರು. ಬನ್ನಿ, ನಿಮಗೆ ಬೀಗ ತೆಗೆಸ್ತೀನಿ, ಆರಾಮಾಗಿ ಇಳೀಬಹುದು."

ಸುಳ್ಳು ಹೇಳಲಾರೆ, ಕಾಲುಗಳು ಒಪ್ಪಿಬಿಟ್ಟಿದ್ದವು. ಆದರೆ ನನ್ನೊಬ್ಬನಿಗಾಗಿ ತೆರೆದು ಅತ್ತಿಗೆಯ ಮುಖಕ್ಕೆ ಮುಚ್ಚುವ ಗೇಟಿನಲ್ಲಿ ಹೇಗೆ ನುಸುಳಲಿ? ಹುರುಳಿಯ ಪಕ್ಕದಲ್ಲೇ ಚಕ್ಕಳಮಕ್ಕಳ ಹಾಕಿ ಕೂತೆ. "ಎಲ್ಲರಿಗೂ ತೆಗೆಯುವವರೆಗೂ ಇಳಿಯುವುದಿಲ್ಲ" ಎಂದೆ. ಅತ್ತಿಗೆ ನೀರಿನ ಬಾಟಲಿ ನನ್ನತ್ತ ಸರಿಸಿದರು.

ಅತಿಥಿಗಳಲ್ಲಿ ಕೆಲವರು, ದಾರಿಗೆ ಯಾಕೆ ಬೀಗ ಎಂದು ಮ್ಯಾನೇಜರನನ್ನು ಕೇಳತೊಡಗಿದರು. ಅವನು ಫೋನಿನಲ್ಲಿ ಯಾರೊಡನೆಯೋ ಬಹಳ ಹೊತ್ತು ಮಾತಾಡಿದ. ಸಂಜೆಯಾಗುವ ಮೊದಲು ಇಬ್ಬರು ಆಳುಗಳು ಬಂದು ಗೇಟನ್ನು ಕಂಬದಿಂದಲೇ ಕಳಚಿ ಪಕ್ಕಕ್ಕೆ ಒರಗಿಸಿದರು.

ಎಲ್ಲರೂ ಕಾಲುದಾರಿಯಲ್ಲೇ ಇಳಿಯಲು ಹೊರಟೆವು. ಹುರುಳಿಯನ್ನು ತುಂಬಿಕೊಳ್ಳೋಣವೇ ಎಂದು ನಾನು ಕೇಳಿದ್ದಕ್ಕೆ ಅತ್ತಿಗೆ ತಿರುಗಿಯೂ ನೋಡಲಿಲ್ಲ.

"ಅಲ್ಲೇ ಇರ್ಲಿ. ನಾಳಿಕ್ಕೆ ಬಂದು ತಿರುವಾಕ್ಬೇಕು. ನೀನೂ ಬತ್ತೀಯ."