ಕಮಲಾಕರ ಮಿರ್ಜಾನ ಕೋಟೆಗೆ ಹೋದದ್ದು

ಸಂತೆಗುಳಿಯ ಸೊಸೈಟಿಯಲ್ಲಿ ಗುಮಾಸ್ತನಾಗಿದ್ದ ಕಮಲಾಕರ ಹೆಗಡೆಗೆ ಊರವರು ಇಟ್ಟ ಹೆಸರು ಜಾತಕಪಕ್ಷಿ. ಮಳೆಹನಿಗೆ ಬಾಯ್ತೆರೆದು ಕೂರುವುದು ಚಾತಕ. ಹೆಣ್ಣಿನ ಜಾತಕಕ್ಕೆ ಕೂರುವವನು ಕಮಲಾಕರ. ಹರೆಯದಲ್ಲಿ ಅವನು ನೋಡಿದ ಹುಡುಗಿಯರಿಗೆ ಲೆಕ್ಕವಿಲ್ಲ. ಪ್ರತಿ ಮನೆಯಲ್ಲೂ ಅವಲಕ್ಕಿ ತಿಂದು, ಕೈತೊಳೆದು, "ಮನೇಲಿ ಕೇಳಿ ಹೇಳ್ತೆ" ಎಂದು ಎದ್ದು ಬರುತ್ತಿದ್ದ. ಮನೆಯಲ್ಲಿ ಕೇಳಿದರೆ ಹೆತ್ತ ಆಯಿಯ ಕಣ್ಣಿಗೆ ಒಬ್ಬಳು ಕುಳ್ಳಿ, ಇನ್ನೊಬ್ಬಳು ಬಾಯಾಳಿ. ಕಾಲ ತಿರುಗಿತು, ಹೆಣ್ಣಿನ ಕಡೆಯವರೇ "ಮನೇಲಿ ಕೇಳಿ ಹೇಳ್ತ್ಯ" ಎಂದು ಇವನನ್ನು ಸಾಗಹಾಕತೊಡಗಿದರು. ಕಮಲಾಕರನಿಗೆ ನಲವತ್ತು ದಾಟಿತು. ಹೋದ ವರ್ಷ ಆಯಿಯೂ ತೀರಿಕೊಂಡಳು.

ಈ ಸಲ ಕೂಡಿಬಂದದ್ದು ಹೊನ್ನಾವರದಲ್ಲಿ ಟೀಚರಾಗಿದ್ದ ಮಾಲಿನಿಯ ಜಾತಕ. ಮನೆಗೆ ಕರೆದರೆ ನೆರೆಯವರೆಲ್ಲ ಕಿಟಕಿಯಲ್ಲಿ ನೇತಾಡುತ್ತಾರೆಂದು ಅವಳ ಅಣ್ಣ ಸಂಜಯ ಭಾನುವಾರ ಮಿರ್ಜಾನ ಕೋಟೆಗೇ ಬರಹೇಳಿದ್ದ. "ಪ್ರವಾಸ ಮಾಡಿದಾಂಗೂ ಆತು" ಎಂದಿದ್ದ. ಇದೂ ತಪ್ಪಿದರೆ ಇನ್ನೊಂದಿಲ್ಲವೆಂದು ಕಮಲಾಕರನಿಗೆ ಗೊತ್ತಿತ್ತು. ತಲೆಗೆ ಬಣ್ಣ ಹಚ್ಚಿಕೊಂಡು ಬಸ್ಸು ಹತ್ತಿದ.

ಮೋಡ ಕವಿದು ಸೆಕೆ ಹೆಚ್ಚಿತ್ತು. ಚಿರೆಕಲ್ಲಿನ ಗೋಡೆಗಳ ಮೇಲೆ ಪಾಚಿ ಕಪ್ಪಾಗಿತ್ತು. ತಂಗಿಯನ್ನು ಕರೆತಂದ ಸಂಜಯ ಕೋಟೆಯ ಬಾಗಿಲಲ್ಲೇ ನಿಂತು ಕಂದಕದ ಫೋಟೋ ತೆಗೆಯುವ ನೆವ ಮಾಡಿದ. ಕಮಲಾಕರ, ಮಾಲಿನಿ ಇಬ್ಬರೂ ಹುಲ್ಲುಹಾಸು ದಾಟಿ ಹಳೆಯ ಬಾವಿಯ ಹತ್ತಿರ ಕೂತರು.

"ರಾಣಿ ಕಟ್ಸಿದ ಕೋಟೆ ಅಡ," ಎಂದ ಕಮಲಾಕರ.

"ಹೌದಡ. ಈಗ ಹುಲ್ಲು ಚೊಲೋ ಬೈಂದು," ಎಂದಳು ಮಾಲಿನಿ. ಒಂದು ಹುಲ್ಲೆಸಳು ಕಿತ್ತು, "ಎನಗೆ ಅಡುಗೆ ಸುಮಾರು. ಸಿಟ್ಟು ಚೊಲೋ ಬತ್ತು."

"ಅಡ್ಡಿಲ್ಲೆ. ಎರಡೂ ಉಂಡು ರೂಢಿ ಇದ್ದು."

ಅವಳು ನಕ್ಕಳು. ಅವನನ್ನು ನೋಡಿ ಹಾಗೆ ಯಾರೂ ನಕ್ಕಿರಲಿಲ್ಲ.

"ಸುತ್ತುಬಳಸು ಎಂತಕ್ಕೆ? ಎನಗೆ ಒಪ್ಪಿಗೆ ಇದ್ದು. ನಿಂಗಕ್ಕೆ?"

ಕಮಲಾಕರ ಅವಳತ್ತ ತಿರುಗಿದ. ಒಪ್ಪಿಗೆ ಎನ್ನಲು ಬಾಯಿ ತೆರೆದ. ಎಷ್ಟೋ ವರ್ಷ ಅವಲಕ್ಕಿಯ ಮೇಲೆ ಆಡಿ ಆಡಿ ನಾಲಿಗೆಗೆ ಅಂಟಿದ್ದ ಮಾತೇ ಹೊರಬಂತು: "ಮನೇಲಿ ಕೇಳಿ ಹೇಳ್ತೆ."

"ಮನೇಲಿ ಯಾರನ್ನ ಕೇಳವು?" ಎಂದಳು ಅವಳು, ಮೆಲ್ಲಗೆ.

ಬೆಳಿಗ್ಗೆ ಅವನೇ ಬೀಗ ಹಾಕಿ ಬಂದ ಮನೆ. ಕೀಲಿ ಕಿಸೆಯಲ್ಲಿತ್ತು. ಕಮಲಾಕರ ಬಾವಿಯೊಳಗೆ ಇಣುಕಿದ; ಅಲ್ಲಿ ಪಾಚಿಗಟ್ಟಿದ ನೀರು. ತಲೆ ಎತ್ತುವಷ್ಟರಲ್ಲಿ ಮಾಲಿನಿ ಸೀರೆ ಕೊಡವಿ ಎದ್ದಿದ್ದಳು.

"ಆತು. ಕೇಳಿ."

ಹೆದ್ದಾರಿಯ ಬಸ್‌ಸ್ಟಾಪಿನಲ್ಲಿ ನಿಂತು ಅವನು ಸಂಜಯನಿಗೆ ಫೋನು ಮಾಡಿದ. "ಎನಗೆ ಒಪ್ಪಿಗೆ ಇದ್ದು. ಆಗಲೇ ಇತ್ತು."

ಆ ಕಡೆ ಕಾರಿನ ಸದ್ದು. ಸಂಜಯ ಫೋನಿಗೆ ಕೈ ಅಡ್ಡ ಹಿಡಿದು ಯಾರನ್ನೋ ಏನೋ ಕೇಳಿದ. ಮತ್ತೆ ಮಾತಾಡಿದಾಗ ದನಿ ಬಹಳ ಮೆದುವಾಗಿತ್ತು.

"ನೋಡ್ವ ಭಾವ. ಮನೇಲಿ ಕೇಳಿ ಹೇಳ್ತ್ಯ."

ಆ ಮಾತಿನ ಅರ್ಥ ಕಮಲಾಕರನಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಕುಮಟೆಯ ಬಸ್ಸು ಬಂತು. ಹಿಂದಿನ ಸೀಟಿಗೆ ಹೋಗಿ ಕೂತ.