ಜಯತ್ತೆಯ ಬಾಯಿ, ಇಲಿಯ ಆತುರ

ಹುಣಸೂರಿನ ಬಸ್ ನಿಲ್ದಾಣದ ಎದುರಿನ ಬೇಕರಿಯಲ್ಲಿ ಕೊಬ್ಬರಿ ಬಿಸ್ಕತ್ತಿನ ತಟ್ಟೆ ಈಚೆ ಬರುವ ಹೊತ್ತಿಗೆ ನೀವು ಅಲ್ಲಿ ನಿಂತಿದ್ದರೆ ನಿಮಗೆ ಹಸಿವಾಗುತ್ತದೆ. ನನಗೆ ಇಲಿ ನೆನಪಾಗುತ್ತದೆ. ಮುಖ ಕಿವುಚಬೇಡಿ. ಇವತ್ತು ಬೆಳಿಗ್ಗೆ ಕೆ.ಆರ್. ನಗರದ ಬಸ್ಸಿಗೆ ಕಾಯುತ್ತ ಆ ವಾಸನೆ ಮೂಗಿಗೆ ಬಡಿದಾಗ, ನಾನು ಗೆದ್ದ ಅತಿ ದೊಡ್ಡ ಚರ್ಚೆ ಇಡಿಯಾಗಿ ಕಣ್ಣೆದುರು ನಿಂತಿತು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಕಪ್ಪುಗಳಲ್ಲಿ ಅಮ್ಮ ಈಗ ಬಾಚಣಿಗೆ, ಟಾರ್ಚಿನ ಶೆಲ್ಲು ಹಾಕಿಟ್ಟಿದ್ದಾಳೆ. ಈ ಗೆಲುವಿಗೆ ಕಪ್ಪೇ ಇರಲಿಲ್ಲ. ತೀರ್ಪುಗಾರರು ಇಲಿಗಳು.

ಜಯತ್ತೆ ನನ್ನ ಅಪ್ಪನ ತಂಗಿ. ಗಂಡ ತೀರಿಕೊಂಡ ಮೇಲೆ ಮಿರ್ಲೆ ಪಕ್ಕದ ತವರೂರಿಗೆ ಬಂದವಳು, ನಾಲೆಯ ಕೆಳಗೆ ತನ್ನ ಪಾಲಿಗೆ ಬಂದ ಗದ್ದೆಯನ್ನು ಯಾರ ಕೈಗೂ ಕೊಡದೆ ತಾನೇ ಬೇಸಾಯ ಮಾಡುತ್ತಿದ್ದಳು. ಮೇಲಿನ ಗದ್ದೆ ದೊಡ್ಡಪ್ಪನದು. ಅತ್ತೆಯ ಮನಸ್ಸಿಗೂ ನಾಲಿಗೆಗೂ ನಡುವೆ ಒಂದು ಸ್ಟಾಪೂ ಇಲ್ಲ. ಬಂದದ್ದು ಬಂದ ಹಾಗೇ ಹೊರಡುತ್ತದೆ. ಎದುರು ಪಕ್ಷದವರು ಮುಗಿಸುವ ಮೊದಲೇ ಎದ್ದು ನಿಂತು ಅಂಕ ಕಳೆದುಕೊಳ್ಳುವ ನನ್ನ ಚಾಳಿ ಯಾವ ಕಡೆಯಿಂದ ಬಂತು ಎಂದು ನಮ್ಮ ಮನೆಯಲ್ಲಿ ಯಾರೂ ಕೇಳುವುದಿಲ್ಲ.

ನಮ್ಮ ಕಡೆ ಬೋನು ಇಡುವಾಗ ಒಂದು ಕಟ್ಟಳೆ ಇದೆ. ಇಲಿಯ ಹೆಸರು ಹೇಳಕೂಡದು. ಹೇಳಿದರೆ ಅದಕ್ಕೆ ಕೇಳಿಸಿ ಹುಷಾರಾಗಿಬಿಡುತ್ತದಂತೆ. ಹಾಗಾಗಿ ಗಂಡಸರೆಲ್ಲ ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂತು, "ಅವ್ರು ಬಂದವ್ರೆ," "ಅವ್ರಿಗೆ ಇಟ್ಟಾಯ್ತಾ?" ಎಂದು ಪಿಸುಗುಡುತ್ತಾರೆ. ಮನೆಯ ಅಳಿಯನಿಗೂ ಇಷ್ಟು ಮರ್ಯಾದೆ ಸಿಕ್ಕಿದ್ದು ನಾನು ಕಂಡಿಲ್ಲ.

ನಾನಿನ್ನೂ ಕಾಲೇಜಿನಲ್ಲಿದ್ದ ಒಂದು ವರ್ಷ, ಭತ್ತ ಹಾಲುಗಟ್ಟುವ ಹೊತ್ತಿಗೆ ಇಲಿಗಳು ಅತ್ತೆಯ ಗದ್ದೆಗೆ ನುಗ್ಗಿದವು. ಬೋನಿಟ್ಟ ಮೊದಲ ದಿನಗಳಲ್ಲಿ ಚೆನ್ನಾಗಿಯೇ ಬಿದ್ದವು. ಆಮೇಲೆ ದಿನಾ ಬೋನು ಖಾಲಿ, ಗದ್ದೆಯಲ್ಲಿ ಮಾತ್ರ ಬುಡ ಕತ್ತರಿಸಿ ಕೆಡವಿದ ಪೈರು. ದೊಡ್ಡಪ್ಪ ಜಗುಲಿಯ ಮೇಲೆ ಕೂತು ತೀರ್ಪು ಕೊಟ್ಟರು.

"ನಿನ್ ಬಾಯಿಂದ್ಲೇ ಕಣಮ್ಮಿ ಇಂಗಾಗಿದ್ದು. ಬೋನಿಡ್ತಾ ಏನಂದೆ? ಇಲಿ ಮುಂಡೇವ್ಕೆ ಗಾಚಾರ ಬುಡಿಸ್ತೀನಿ ಅಂತ ಊರಿಗೆಲ್ಲ ಕೇಳಂಗೆ ಕೂಗ್ದೆ. ಅವ್ರಿಗೂ ಕೇಳುಸ್ತು."

"ಕೇಳುಸ್ಲಿ ಬುಡಣ್ಣ. ನಾನೇನ್ ಸುಳ್ ಯೋಳಿದ್ನಾ?"

"ಮುಂದಿನ್ ಬೆಳೆಯಿಂದ ಆ ಗದ್ದೆ ನಾನೇ ಮಾಡ್ತೀನಿ. ಉಣ್ಣಕ್ ಬೇಕಾದ್ ಬತ್ತ ನಾನ್ ಆಕ್ತೀನಿ. ನೀನ್ ಮನೇಲಿ ಸುಮ್ಕಿರು."

ಅತ್ತೆ ಸುಮ್ಮನಾದದ್ದನ್ನು ನಾನು ಅದೇ ಮೊದಲು ನೋಡಿದ್ದು, ನೋಡಲಾಗಲಿಲ್ಲ. ರಜೆಗೆ ಬಂದು ಉಂಡುಕೊಂಡಿರಬೇಕಾದವಳು ಎದ್ದು ನಿಂತೆ.

"ದೊಡ್ಡಪ್ಪ, ಇಲಿಗೆ ಕನ್ನಡ ಬತ್ತದಾ?"

"ಮಿರ್ಲೆ ಇಲಿಗೆ ಕನ್ನಡ ಬರ್ದೆ ಇಂಗ್ಲೀಸ್ ಬತ್ತದಾ?" ಎಂದರು ದೊಡ್ಡಪ್ಪ. ಈ ಸುತ್ತಿನ ಅಂಕ ಅವರಿಗೇ ಹೋಯಿತು, ಒಪ್ಪುತ್ತೇನೆ.

ಆದರೆ ನನ್ನ ಹತ್ತಿರ ಸರಕಿತ್ತು. ಕಾಡುಮೇಡಿನ ಇಲಿಗಳ ಸ್ವಭಾವದ ಬಗ್ಗೆ ಒಂದು ಸ್ಪರ್ಧೆಗೆಂದು ಓದಿಕೊಂಡಿದ್ದೆ. ಇಲಿಗಳೆಲ್ಲ ಒಂದೇ ಅಲ್ಲ. ಕೆಲವು ಆತುರಗೇಡಿಗಳು, ಹೊಸ ವಸ್ತು ಕಂಡರೆ ನುಗ್ಗಿಬಿಡುತ್ತವೆ. ಕೆಲವು ಸುತ್ತು ಹಾಕುತ್ತವೆ, ಮೂಸುತ್ತವೆ, ವಾಪಸು ಹೋಗುತ್ತವೆ. ಆಸೆಗೂ ಕಾಲಿಗೂ ನಡುವೆ ನಿಂತು "ತಡಿ" ಎನ್ನುವ ಕೆಲಸ ಮಿದುಳಿನದು. ಆ ಕೆಲಸ ಎಲ್ಲ ಮಿದುಳಲ್ಲೂ ಒಂದೇ ಸಮ ನಡೆಯುವುದಿಲ್ಲ. ಆ ವ್ಯತ್ಯಾಸ ಎಲ್ಲಿದೆ ಎಂದೇ ಬಲ್ಲವರು ಹುಡುಕುತ್ತಿದ್ದಾರೆ. ಈಗ ನೀವೇ ಯೋಚಿಸಿ. ಮೊದಲ ದಿನಗಳಲ್ಲಿ ಬೋನಿಗೆ ಬಿದ್ದವು ಯಾವುವು? ಆತುರದವು. ಗದ್ದೆಯಲ್ಲಿ ಉಳಿದವು ಯಾವುವು? ಬ್ರೇಕು ಗಟ್ಟಿ ಇರುವವು. ಬೋನು ಜರಡಿಯ ಕೆಲಸ ಮಾಡಿತ್ತು, ಅಷ್ಟೇ. ಬೈಗುಳ ಕೇಳಿ ಯಾವ ಇಲಿಯೂ ಪಾಠ ಕಲಿತಿರಲಿಲ್ಲ.

"ಅಂಗಾದ್ರೆ ತೋರ್ಸು," ಎಂದರು ದೊಡ್ಡಪ್ಪ. ಕರಾರಾಯಿತು: ಅತ್ತೆ ಬಾಯಿಬಿಟ್ಟು ಬೈದ ಮೇಲೂ ಅವಳ ಬೋನಿಗೆ ಇಲಿ ಬಿದ್ದರೆ ಗದ್ದೆ ಅವಳದೇ. ದೊಡ್ಡಪ್ಪ ತಮ್ಮ ಬದುವಿನಲ್ಲಿ ಶಾಸ್ತ್ರೋಕ್ತವಾಗಿ, ಮೌನವಾಗಿ ಬೋನಿಡುವುದು.

ಉಪಾಯ ಸುಲಭ. ಬೋನಿನ ಬಾಗಿಲು ಬೀಳದಂತೆ ದಾರ ಕಟ್ಟಿ, ಸಂಜೆ ಸಂಜೆ ಸುಟ್ಟ ಕೊಬ್ಬರಿ ಚೂರು ಇಟ್ಟು ಬರುವುದು. ತಿಂದುಕೊಂಡು ಹೋಗಲಿ. ಅನುಮಾನದ ಇಲಿಗೂ ಅದು ನೆಂಟರ ಮನೆಯಷ್ಟು ಸಲೀಸಾದ ಮೇಲೆ ದಾರ ಬಿಚ್ಚುವುದು. ಕಷ್ಟವಾದದ್ದು ಇಲಿಗಳನ್ನು ಕಾಯುವುದಲ್ಲ, ಅತ್ತೆಯನ್ನು. ದಿನಾ ಬೆಳಿಗ್ಗೆ ಕೊಬ್ಬರಿ ಮಾಯವಾಗಿರುವುದನ್ನು ಕಂಡು ಅವಳು ಕುದಿಯುತ್ತಿದ್ದಳು.

"ಕಳ್ರಿಗೆ ನಾನೇ ಪಲ್ಲಾರ ಮಾಡ್ಕೊಡಂಗಾಯ್ತಲ್ಲಮ್ಮಿ! ಇವತ್ ದಾರ ಬಿಚ್ತೀನಿ."

"ತಡಿ ಅತ್ತೆ."

"ಎಷ್ಟ್ ತಡೀಲಿ? ನಿನ್ ಓದ್ನಾಗೆ ನನ್ನಂತೋರ್ ಬಗ್ಗೆ ಏನೂ ಬರ್ದಿಲ್ವಾ?"

ಬರೆದಿದೆ ಎಂದು ಹೇಳುವ ಧೈರ್ಯ ನನಗಿರಲಿಲ್ಲ.

ಕೊನೆಗೊಂದು ಸಂಜೆ ದಾರ ಬಿಚ್ಚಿದೆವು. ಅತ್ತೆ ಸೆರಗು ಸಿಕ್ಕಿಸಿ, ಬದುವಿನ ಮೇಲೆ ನಿಂತು, ಅಷ್ಟು ದಿನ ತಡೆದಿಟ್ಟದ್ದನ್ನೆಲ್ಲ ಹೊರಗೆ ಬಿಟ್ಟಳು. "ಇಲಿ" ಎಂಬ ಪದಕ್ಕೆ ಇಷ್ಟೊಂದು ವಿಶೇಷಣಗಳು ಹೊಂದುತ್ತವೆಂದು ನನಗೆ ತಿಳಿದಿರಲಿಲ್ಲ. ನಾಲೆಯ ಆಚೆ ದಡದಲ್ಲಿ ದನ ಮೇಯಿಸುತ್ತಿದ್ದವರು ತಮಗೇ ಬೈದಳೆಂದು ತಿರುಗಿ ನೋಡಿದರು.

ಬೆಳಿಗ್ಗೆ ದೊಡ್ಡಪ್ಪನ ಬೋನುಗಳಲ್ಲಿ ಗಾಳಿ ಬಿಟ್ಟರೆ ಏನೂ ಇರಲಿಲ್ಲ. ಅತ್ತೆಯ ಬೋನುಗಳು ನೆಲದ ಮೇಲೆ ಕುಣಿಯುತ್ತಿದ್ದವು. ಒಂದೂ ಖಾಲಿಯಿಲ್ಲ! ಅಕ್ಕಪಕ್ಕದ ಗದ್ದೆಯವರೆಲ್ಲ ಬಂದು ಸುತ್ತ ನಿಂತರು. ದೊಡ್ಡಪ್ಪ ಬಗ್ಗಿ, ಒಂದೊಂದು ಬೋನನ್ನೂ ತಿರುಗಿಸಿ ನೋಡಿ, ಗಂಭೀರವಾಗಿ ಹೇಳಿದರು: "ಇವು ಕಿವುಡು ಕಣವ್ವ."

ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಮುಂದೆ ಬಂದಳು.

"ಕಿವುಡಾರ ಆಗ್ಲಿ, ಕುಂಟಾರ ಆಗ್ಲಿ. ಗದ್ದೆ ಯಾರ್ದು ಯೋಳಣ್ಣ."

ನಿಂತವರೆಲ್ಲ ನಕ್ಕರು. ದೊಡ್ಡಪ್ಪನೂ ತಡೆಯಲಾರದೆ ನಕ್ಕರು. "ನಿಂದೇ ಕಣಮ್ಮಿ. ಬೈಸ್ಕಂಡೂ ಬಂದ್ ಬಿದ್ದವ್ರೆ ಅಂದ್ರೆ ಇನ್ನೇನ್ ಯೋಳಾನ."

ನಿಜ ಹೇಳಬೇಕೆಂದರೆ ನನ್ನ ವಾದದಲ್ಲಿ ತೂತಿತ್ತು. ಬಿದ್ದವು ಹುಷಾರಿನ ಇಲಿಗಳೇ ಹೊರತು ಪಕ್ಕದ ಗದ್ದೆಯಿಂದ ಬಂದ ಹೊಸ ಆತುರಗಾರರಲ್ಲ ಎನ್ನುವುದಕ್ಕೆ ನನ್ನಲ್ಲಿ ಪುರಾವೆ ಇರಲಿಲ್ಲ. ಯಾವ ಇಲಿಯ ತಲೆಯನ್ನೂ ನಾನು ತೆರೆದು ನೋಡಿರಲಿಲ್ಲ. ಎದುರು ಪಕ್ಷದವರು ಕೇಳಲಿಲ್ಲ, ನಾನು ಹೇಳಲಿಲ್ಲ. ಬೈಗುಳಕ್ಕೆ ಇಲಿ ಓಡುವುದಿಲ್ಲ ಎನ್ನುವುದು ಮಾತ್ರ ನಾಲ್ಕು ಜನರೆದುರು ಸಾಬೀತಾಯಿತು. ಆ ಸುಗ್ಗಿಯಲ್ಲಿ ಅತ್ತೆ ತನ್ನ ಭತ್ತವನ್ನು ತಾನೇ ನಿಂತು ಚೀಲಕ್ಕೆ ತುಂಬಿಸಿದಳು.

ಇವತ್ತು ಬಸ್ಸಿಳಿದು ನಾಲೆಯ ಏರಿಯ ಮೇಲೆ ನಡೆದು ಬರುತ್ತಿದ್ದೇನೆ. ನಾಟಿ ಶುರುವಾಗಿದೆ. ಅತ್ತೆ ಇನ್ನೂ ಕಾಣುತ್ತಿಲ್ಲ, ದನಿ ಆಗಲೇ ಬಂದು ತಲುಪಿದೆ. ಆದರೆ ಅದು ಬರುತ್ತಿರುವುದು ಅವಳ ಗದ್ದೆಯಿಂದಲ್ಲ, ಮೇಲಿನ ಗದ್ದೆಯಿಂದ. ಮಂಡಿನೋವೆಂದು ದೊಡ್ಡಪ್ಪ ಈ ವರ್ಷ ತಮ್ಮ ಗದ್ದೆಯನ್ನೂ ತಂಗಿಯ ಕೈಗೇ ಒಪ್ಪಿಸಿದ್ದಾರೆ. ಹತ್ತಿರ ಬಂದರೆ, ಹೊಂಗೆ ನೆರಳಲ್ಲಿ ಕೂತ ದೊಡ್ಡಪ್ಪ ಅವಳು ಹೇಳಿದ್ದಕ್ಕೆಲ್ಲ ತಲೆಯಾಡಿಸುತ್ತಿದ್ದಾರೆ. ಅತ್ತೆಯನ್ನು ಹೊಗಳಿ ಒಂದು ಸಣ್ಣ ಭಾಷಣ ಮಾಡೋಣವೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ.

"ಬಂದ್ಯಾ? ಮಾತ್ ಆಮೇಲೆ. ಮೊದ್ಲು ಈ ಪೈರಿನ್ ಕಟ್ ಇಡ್ಕ," ಎಂದಳು ಅತ್ತೆ.

ಪ್ಯಾಂಟು ಮಡಚಿ ಕೆಸರಿಗಿಳಿದೆ.