ಬಾಸ್ ಗಿಟಾರಿನವನ ಹೆಂಡತಿ

ನಮ್ಮ ಬ್ರೂಸ್‌ಪೇಟೆ ಓಣಿಯ ಜಂಬಮ್ಮನಿಗೆ ಗಂಡನ ಸ್ಪೀಕರ್ ಪೆಟ್ಟಿಗೆಯನ್ನು ಕಂಡರೆ ಹೊಟ್ಟೆಕಿಚ್ಚು. ಗಂಡ ಎರ್ರಿಸ್ವಾಮಿ ಮದುವೆ ಆರ್ಕೆಸ್ಟ್ರಾದಲ್ಲಿ ಬಾಸ್ ಗಿಟಾರ್ ನುಡಿಸುತ್ತಾನೆ. ದನಿ ತುಂಬಿ ಬರಲೆಂದು ಹೆಂಡತಿಯ ಗಾದಿಯ ಹತ್ತಿಯನ್ನೇ ಕಿತ್ತು ಪೆಟ್ಟಿಗೆಯೊಳಗೆ ತುರುಕಿದ್ದಾನೆ. ಆ ಪೆಟ್ಟಿಗೆ ಗುಂಯ್ ಎಂದರೆ ಸಾಕು, ಊಟ ಬಿಟ್ಟು ಏಳುತ್ತಾನೆ. "ನಾ ಕೆಮ್ಮಿದ್ರ ತಿರುಗಿ ನೋಡಂಗಿಲ್ಲ ಯಮ್ಮಾ, ಆ ಸವತಿ ಗೊಣಗಿದ್ರ ಮೈಯೆಲ್ಲ ತಡವ್ತಾನ" ಎಂದು ದಿನಾ ನನ್ನ ಕಟ್ಟೆಗೆ ಬಂದು ಬೈಯುತ್ತಾಳೆ. ಆದರೂ ಕಾರ್ಯಕ್ರಮಕ್ಕೆ ತಪ್ಪದೆ ಹೋಗಿ ಪೆಟ್ಟಿಗೆಯ ಎದುರಿಗೇ ಕೂರುತ್ತಾಳೆ, ಕಾವಲಿಗೆ ಕೂತವಳ ಹಾಗೆ. ಮೊನ್ನೆ ಕುರುಗೋಡಿನ ಮದುವೆಯಲ್ಲಿ ಸ್ಪೀಕರಿನ ಕಾಯಿಲ್ ಸುಟ್ಟು, ಹಾಡಿನ ಅಡಿಯಲ್ಲಿ ಗುಮ್ಮೆನ್ನುತ್ತಿದ್ದ ಬಾಸ್ ದನಿ ನಿಂತುಹೋಯಿತು. ಉಳಿದವರ ಹಾಡು ನಡೆದೇ ಇತ್ತು. ಕೂತ ಜನರಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಜಂಬಮ್ಮ ಒಬ್ಬಳೇ ಎದ್ದು ನಿಂತು ಕೂಗಿದಳು: "ಹಾಡು ನಿಲ್ಸ್ರಿ! ನಮ್ಮನಿಯವ್ರದು ಕೇಳವಲ್ದು!"